ಪೆಟ್ಟಿಗೆ ಹೊಸದು, ಗೊಂಬೆ ಯಾರದೋ

2022ರ ಜನವರಿಯಲ್ಲಿ ಅಮೆರಿಕದ ಯೂಟ್ಯೂಬರ್ ಲೋಗನ್ ಪಾಲ್ ಕ್ಯಾಮೆರಾದ ಮುಂದೆ ಒಂದು ರಟ್ಟಿನ ಪೆಟ್ಟಿಗೆ ಬಿಚ್ಚಿದರು. ಮೊದಲ ಮುದ್ರಣದ ಪೋಕೆಮಾನ್ ಕಾರ್ಡುಗಳು, ಕಾರ್ಖಾನೆಯ ಸೀಲು ಒಡೆದಿಲ್ಲ ಎಂಬ ನಂಬಿಕೆಯ ಮೇಲೆ ಅದಕ್ಕೆ 35 ಲಕ್ಷ ಡಾಲರ್ ಸುರಿದಿದ್ದರು. ಇಂಥ ಪೆಟ್ಟಿಗೆಗಳನ್ನು ನೋಡಿ ಅಸಲಿ, ನಕಲಿ ಹೇಳುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆಯೊಂದು ಅದಕ್ಕೆ ಸೈ ಎಂದಿತ್ತು. ಒಳಗೆ ಸಿಕ್ಕಿದ್ದು ಮಾತ್ರ ಜಿ.ಐ. ಜೋ ಕಾರ್ಡುಗಳು. ವರ್ಷಗಟ್ಟಲೆ ಇದನ್ನೇ ನೋಡುತ್ತ ಬಂದ ಕಣ್ಣುಗಳೂ ಮೋಸ ಹೋಗಿದ್ದವು.

35 ಲಕ್ಷ ಡಾಲರಿಗೆ ರಟ್ಟಿನ ಪೆಟ್ಟಿಗೆ ಕೊಳ್ಳುವವರಿಗಾಗಿ ಮರುಗಲು ನನಗೆ ಪುರಸೊತ್ತಿಲ್ಲ. ಆದರೆ ಇದೇ ಮೋಸ ಎರಡು ಸಾವಿರ ರೂಪಾಯಿ, ಇಪ್ಪತ್ತು ಡಾಲರುಗಳ ಮಟ್ಟದಲ್ಲಿ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಅಲ್ಲಿ ಮೋಸ ಹೋಗುವುದು ಹುಟ್ಟುಹಬ್ಬದ ಮಗು.

ನಡೆಯುವುದು ಹೀಗೆ. ಒಬ್ಬ ದೊಡ್ಡ ಮಳಿಗೆಯಲ್ಲಿ ಹೊಸ ಗೊಂಬೆ ಕೊಳ್ಳುತ್ತಾನೆ. ಮನೆಗೆ ಒಯ್ದು ನಾಜೂಕಾಗಿ ಸೀಲು ಬಿಡಿಸಿ, ಹೊಸದನ್ನು ಎತ್ತಿಟ್ಟುಕೊಂಡು, ಕೈ ಮುರಿದ ಹಳೆಯದನ್ನೋ ಅಗ್ಗದ ಇನ್ನೊಂದನ್ನೋ ಒಳಗಿಟ್ಟು ಮತ್ತೆ ಅಂಟಿಸುತ್ತಾನೆ. ಮಾರನೆಯ ವಾರ ಬಿಲ್ಲಿನ ಜೊತೆ ವಾಪಸು ಕೊಟ್ಟು ದುಡ್ಡು ಪಡೆಯುತ್ತಾನೆ. ಕೌಂಟರಿನ ಹುಡುಗಿ ಬಾರ್‌ಕೋಡ್ ಓದಿಸುತ್ತಾಳೆ, ಯಂತ್ರ ಕಿಣ್ ಎನ್ನುತ್ತದೆ, ಪೆಟ್ಟಿಗೆ ಕಪಾಟಿಗೆ ಮರಳುತ್ತದೆ. ಅಮೆರಿಕದ ಆಟಿಕೆ ಸಂಗ್ರಾಹಕರು ಇಂಥ ಪೆಟ್ಟಿಗೆಗಳ ಫೋಟೊ ಹಾಕುವುದನ್ನು ಒಂದು ಕಹಿ ಹಾಸ್ಯದ ಪ್ರಕಾರವನ್ನಾಗಿಯೇ ಮಾಡಿಕೊಂಡಿದ್ದಾರೆ. ಪೆಟ್ಟಿಗೆಯ ಮೇಲೆ ಕಪ್ಪು ಉಡುಗೆಯ ಸೂಪರ್‌ಹೀರೊ, ಒಳಗೆ ಇಪ್ಪತ್ತು ವರ್ಷ ಹಳೆಯ ಯಾವುದೋ ಕುಸ್ತಿಪಟು.

ಈ ಸರಪಳಿಯಲ್ಲಿ ಎಲ್ಲರೂ ಬೈಯುವುದು ಸೀಲನ್ನು. ನನಗೆ ಅನುಮಾನ ಇರುವುದು ಆ ‘ಕಿಣ್’ ಸದ್ದಿನ ಮೇಲೆ. 1974ರ ಜೂನಿನಲ್ಲಿ ಒಹಾಯೊ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲೆ ಮೊದಲ ಸಲ ಓದಿಸಿದ ಬಾರ್‌ಕೋಡ್ ಇವತ್ತಿಗೂ ಹೇಳುವುದು ಒಂದೇ ಸಂಗತಿ: ಇದು ಯಾವ ಮಾದರಿಯ ಸರಕು ಎಂದು. ಒಂದೇ ಮಾದರಿಯ ಲಕ್ಷ ಪೆಟ್ಟಿಗೆಗಳಿಗೂ ಅದೇ ಗೆರೆಗಳು. ಈ ಪೆಟ್ಟಿಗೆ ಹೋದ ವಾರ ಮಾರಾಟವಾಗಿ ಯಾರದೋ ಮನೆ ಕಂಡು ಬಂದಿದೆ ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕಂಪನಿಯ ಉಪಾಧ್ಯಕ್ಷ ದರ್ಜೆಯ ಅಧಿಕಾರಿಯೊಬ್ಬ ಸಿಕ್ಕಿಬಿದ್ದ ಪ್ರಕರಣ ಇನ್ನೂ ಸರಳ. ಅವನು ಲೆಗೊ ಪೆಟ್ಟಿಗೆಗಳನ್ನು ಬಿಚ್ಚಲೇ ಇಲ್ಲ. ತಾನೇ ಮುದ್ರಿಸಿದ ಅಗ್ಗದ ಬಾರ್‌ಕೋಡನ್ನು ಮೇಲೆ ಅಂಟಿಸಿ, ದುಬಾರಿ ಪೆಟ್ಟಿಗೆಯನ್ನು ಕಡಿಮೆ ಬೆಲೆಗೆ ಹೊತ್ತೊಯ್ದು, ಅಂತರ್ಜಾಲದಲ್ಲಿ ಮಾರುತ್ತಿದ್ದ. ಸೀಲು ಗಟ್ಟಿಯಾಗಿಯೇ ಇತ್ತು. ನೋಡುವವರು ಯಂತ್ರವನ್ನು ನೋಡುತ್ತಿದ್ದರು, ಪೆಟ್ಟಿಗೆಯನ್ನಲ್ಲ.

ಆಟಿಕೆ ಪೆಟ್ಟಿಗೆಯ ಇತ್ತೀಚಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಪಾಠವಾಗುವ ಅಧ್ಯಾಯ ಹ್ಯಾಸ್ಬ್ರೊ ಕಂಪನಿಯದು. ಟ್ರಾನ್ಸ್‌ಫಾರ್ಮರ್ಸ್, ಜಿ.ಐ. ಜೋ, ಮಾರ್ವೆಲ್ ಗೊಂಬೆಗಳನ್ನು ಮಾರುವ ಈ ಕಂಪನಿ 2019ರಲ್ಲಿ ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿತು. 2022ರ ಕೊನೆಯ ಹೊತ್ತಿಗೆ ಹೊಸ ಆಟಿಕೆಗಳ ಪ್ಯಾಕಿಂಗಿನಿಂದ ಪ್ಲಾಸ್ಟಿಕ್ಕನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕುತ್ತೇವೆ ಎಂದು ಘೋಷಿಸಿತು. ಪರಿಸರಪ್ರಿಯರು ಚಪ್ಪಾಳೆ ತಟ್ಟಿದರು, ತಟ್ಟಬೇಕಾದದ್ದೇ. ಗೊಂಬೆ ಕಾಣುತ್ತಿದ್ದ ಪಾರದರ್ಶಕ ಕಿಟಕಿ ಹೋಯಿತು, ಅದರ ಜಾಗದಲ್ಲಿ ಬರೀ ಚಿತ್ರ ಮುದ್ರಿಸಿದ ರಟ್ಟು ಬಂತು. ಟ್ರಾನ್ಸ್‌ಫಾರ್ಮರ್ಸ್‌ನ ಕೆಲವು ಪೆಟ್ಟಿಗೆಗಳಲ್ಲಿ ಪ್ಲಾಸ್ಟಿಕ್ ಹಾಳೆ ಮಾತ್ರ ತೆಗೆದು ಕಿಟಕಿಯನ್ನು ಹಾಗೇ ತೆರೆದಿಟ್ಟರು, ಗೊಂಬೆಯನ್ನು ಕಾಗದದ ದಾರದಿಂದ ಕಟ್ಟಿದರು. ಬೆರಳು ತೂರಿಸಿದರೆ ಪುಟ್ಟ ಬಂದೂಕು ಕೈಗೆ ಬರುತ್ತಿತ್ತು.

ಕಿಟಕಿ ಹೋದ ಮೇಲೆ ತಿಳಿದದ್ದು, ಅದು ಬರೀ ಶೋಕಿಗೆ ಇದ್ದದ್ದಲ್ಲ ಎಂದು. ಅದರ ಮೂಲಕ ಕೊಳ್ಳುವವನು ನೋಡುತ್ತಿದ್ದ, ಕೌಂಟರಿನವಳು ಒಂದು ಕ್ಷಣ ಕಣ್ಣು ಹಾಯಿಸುತ್ತಿದ್ದಳು, ಕಪಾಟು ಜೋಡಿಸುವ ಹುಡುಗನೂ ನೋಡುತ್ತಿದ್ದ. ಯಾರಿಗೂ ಸಂಬಳ ಕೊಡದೆ ನಡೆಯುತ್ತಿದ್ದ ತಪಾಸಣೆ ಅದು. ಮುಚ್ಚಿದ ಪೆಟ್ಟಿಗೆಯಲ್ಲಿ ಏನಿಟ್ಟು ವಾಪಸು ಕೊಟ್ಟರೂ ತೂಕ ಸುಮಾರಾಗಿ ಹೊಂದಿದರೆ ಸಾಕಾಯಿತು. ಸಂಗ್ರಾಹಕರ ಬೊಬ್ಬೆ ಏರಿತು. 2023ರಲ್ಲಿ ಕಂಪನಿ ತನ್ನ ಆರು ಇಂಚಿನ ಗೊಂಬೆಗಳಿಗೆ ಕಿಟಕಿ ಮರಳಿಸುವುದಾಗಿ ಹೇಳಿತು. ಈ ಸಲ ಮರುಬಳಕೆಯ ಅಥವಾ ಸಸ್ಯಮೂಲದ ಪ್ಲಾಸ್ಟಿಕ್ಕಿನಲ್ಲಿ. ಒಂದು ತೆಳ್ಳನೆಯ ಹಾಳೆಯನ್ನು ಕಿತ್ತು ನೋಡಿ, ಅದು ಮಾಡುತ್ತಿದ್ದ ಕೆಲಸ ಏನೆಂದು ಕಲಿತು, ಮತ್ತೆ ಅಂಟಿಸಿದರು.

ಹಾಗಾದರೆ ಸೀಲನ್ನೇ ಗಟ್ಟಿ ಮಾಡಬಾರದೇ? ಇಲ್ಲಿಗೆ ಬಂದಾಗಲೇ ವಿಷಯ ಸಿಕ್ಕು ಸಿಕ್ಕಾಗುವುದು. ರೈಲು ನಿಲ್ದಾಣದಲ್ಲಿ ನೀರಿನ ಬಾಟಲಿ ಕೊಂಡವರು ಮುಚ್ಚಳ ತಿರುಗಿಸುವಾಗ ‘ಕಟ್’ ಎನ್ನುತ್ತದೆಯೇ ಎಂದು ಕಿವಿಗೊಡುತ್ತೇವಲ್ಲ, ಸೀಲಿನ ಕೆಲಸ ಅಷ್ಟೇ. ಮುಚ್ಚಳದ ಕೆಳಗಿನ ಉಂಗುರವನ್ನು ಹಿಡಿದಿರುವ ಪುಟ್ಟ ಸೇತುವೆಗಳು ಯಾರನ್ನೂ ತಡೆಯುವುದಿಲ್ಲ. ಒಮ್ಮೆ ಮುರಿದರೆ ಮತ್ತೆ ಕೂಡುವುದಿಲ್ಲ ಎಂಬುದಷ್ಟೇ ಅವುಗಳ ಗುಣ. ತಡೆಯುವುದು ಬೀಗದ ಕೆಲಸ. ಸೀಲು ಚಾಡಿ ಹೇಳಬೇಕು.

ಆಟಿಕೆ ಪೆಟ್ಟಿಗೆಯ ಮೇಲಿನ ಸೀಲು ಚಾಡಿ ಹೇಳುವುದರಲ್ಲಿ ಬಲು ಹಿಂದೆ. ಸಾಮಾನ್ಯವಾಗಿ ಅಲ್ಲಿರುವುದು ಒಂದು ರೂಪಾಯಿ ನಾಣ್ಯದಷ್ಟು ಅಗಲದ ದುಂಡನೆಯ ಪಾರದರ್ಶಕ ಟೇಪು. ಪೆಟ್ಟಿಗೆ ಮಿಂಚಲೆಂದು ರಟ್ಟಿನ ಮೇಲೆ ವಾರ್ನಿಷ್ ಅಥವಾ ತೆಳು ಪ್ಲಾಸ್ಟಿಕ್ ಲೇಪ ಬಳಿದಿರುತ್ತಾರೆ. ಟೇಪು ಹಿಡಿಯುವುದು ಆ ಲೇಪವನ್ನು, ಕಾಗದದ ನಾರನ್ನಲ್ಲ. ಹಾಗಾಗಿ ತಾಳ್ಮೆ ಇದ್ದವನಿಗೆ ಅದು ಗುರುತು ಬಿಡದೆ ಎದ್ದು ಬರುತ್ತದೆ. ಇಷ್ಟು ಸಾಲದೆಂಬಂತೆ ಅದೇ ದುಂಡು ಟೇಪು ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಯಾರು ಬೇಕಾದರೂ ಕೊಳ್ಳಬಹುದಾದ ಸೀಲನ್ನು ಸೀಲೆಂದು ಕರೆಯುವುದೇ ತಪ್ಪು, ಅದು ಮುಚ್ಚಳ ಬಿಚ್ಚಿಕೊಳ್ಳದಂತೆ ಹಿಡಿದಿಡುವ ತುಂಡು.

ಇದಕ್ಕೆ ಮದ್ದುಗಳು ಇಲ್ಲವೆಂದಲ್ಲ. ಕಿತ್ತರೆ ಮೇಲ್ಮೈ ಮೇಲೆ ಅಕ್ಷರ ಉಳಿಸಿ ಹೋಗುವ ಟೇಪು ಇದೆ. ಎಳೆದರೆ ಚೂರುಚೂರಾಗುವ ಲೇಬಲ್ ಇದೆ. ಸಣ್ಣ ಸಣ್ಣ ಸೀಳು ಹಾಕಿ, ಎಬ್ಬಿಸಿದೊಡನೆ ಹರಿಯುವಂತೆ ಮಾಡಿದ್ದೂ ಇದೆ. ಹಾಲೊಗ್ರಾಂ ಅಂತೂ ಇದ್ದೇ ಇದೆ. ಆದರೆ ಪ್ರತಿ ಅಂಟಿಗೂ ಬಿಸಿಯೋ ತಂಪೋ ಯಾವುದೋ ದ್ರಾವಕವೋ ಒಂದು ಶತ್ರು ಇದ್ದೇ ಇರುತ್ತದೆ. ಅಮೆರಿಕದ ಲಾಸ್ ಅಲಮೊಸ್ ಮತ್ತು ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ರೋಜರ್ ಜಾನ್‌ಸ್ಟನ್ ಎಂಬ ವಿಜ್ಞಾನಿ ತಮ್ಮ ತಂಡದೊಂದಿಗೆ ವರ್ಷಗಳ ಕಾಲ ಮಾಡಿದ್ದು ಇದೇ ಕೆಲಸ. ಸರಕು ಕಂಟೇನರುಗಳಿಂದ ಅಣುವಸ್ತುಗಳವರೆಗೆ ಬಳಸುವ ನೂರಕ್ಕೂ ಹೆಚ್ಚು ಬಗೆಯ ಸೀಲುಗಳನ್ನು ಕೂತು ಸೋಲಿಸಿದರು. ಬೇಕಾದದ್ದು ಸಾಧಾರಣ ಸಲಕರಣೆ ಮತ್ತು ಸ್ವಲ್ಪ ಸಮಯ. ದುಬಾರಿ, ಎಲೆಕ್ಟ್ರಾನಿಕ್ ಸೀಲುಗಳು ಅಗ್ಗದವಕ್ಕಿಂತ ಹೆಚ್ಚೇನೂ ಸೆಣಸಲಿಲ್ಲ. ಸೀಲು ಎಷ್ಟು ಒಳ್ಳೆಯದು ಎಂಬುದನ್ನು ತೀರ್ಮಾನಿಸುವುದು ಅದನ್ನು ಬಳಸುವ ಮತ್ತು ಪರೀಕ್ಷಿಸುವ ಕ್ರಮ ಎಂದು ಅವರು ಉದ್ದಕ್ಕೂ ಹೇಳಿಕೊಂಡು ಬಂದರು. ಅಣುಸ್ಥಾವರದ ಸೀಲಿಗೇ ಈ ಗತಿ ಬಂದಿರುವಾಗ, ಗೊಂಬೆ ಪೆಟ್ಟಿಗೆಯ ಟೇಪನ್ನು ಆಡಿಕೊಳ್ಳುವುದು ಅಷ್ಟು ನ್ಯಾಯವಲ್ಲ.

ಅದೂ ಅಲ್ಲದೆ ಆಟಿಕೆ ಪೆಟ್ಟಿಗೆಗೆ ಯಜಮಾನರು ಹಲವರು. ಐದು ವರ್ಷದ ಮಗು ಅದನ್ನು ಅಪ್ಪನ ಕತ್ತರಿಯಿಲ್ಲದೆ ಬಿಚ್ಚಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಗುಳ್ಳೆ, ತಿರುಚಿದ ತಂತಿಗಳ ಕಾಟ ತಾಳಲಾರದೆ ಜನ ಬೈದದ್ದರಿಂದಲೇ ಅಮೆಜಾನ್ 2008ರಲ್ಲಿ ಮ್ಯಾಟೆಲ್, ಫಿಷರ್-ಪ್ರೈಸ್ ಜೊತೆಗೂಡಿ ಸುಲಭವಾಗಿ ಬಿಚ್ಚುವ ಪೆಟ್ಟಿಗೆಗಳನ್ನು ಶುರುಮಾಡಿತು. ಕಾರ್ಖಾನೆಗೆ ಒಂದು ಪೆಟ್ಟಿಗೆಯ ಮೇಲೆ ಪೈಸೆಗಿಂತ ಹೆಚ್ಚು ಖರ್ಚು ಬೇಡ. ಪರಿಸರದವರಿಗೆ ಪ್ಲಾಸ್ಟಿಕ್ ಬೇಡ. ಇನ್ನು ಸಂಗ್ರಾಹಕರು! ಸೀಲು ಭದ್ರವಾಗಿರಲಿ ಎಂದು ಎಲ್ಲರಿಗಿಂತ ಜೋರಾಗಿ ಕೂಗುವವರು ಅವರೇ. ಪೆಟ್ಟಿಗೆಗೆ ಒಂದು ಗೀರೂ ಬೀಳದಂತೆ ಬಿಚ್ಚಿ, ಗೊಂಬೆಯನ್ನು ಮತ್ತೆ ಅದರಲ್ಲೇ ಮಲಗಿಸಬೇಕು ಎನ್ನುವವರೂ ಅವರೇ. ಗುರುತು ಉಳಿಸುವ ಟೇಪು ಹಾಕಿ ನೋಡಿ, ಮೊದಲ ದೂರು ಅವರಿಂದಲೇ ಬರುತ್ತದೆ.

ಸಂಗ್ರಾಹಕರಿಗೆ ಬೇಸರವಾದರೂ ಸರಿ, ನನ್ನ ಮತ ಹರಿಯುವ ಪೆಟ್ಟಿಗೆಗೆ. ಬಿಸಿ ಅಂಟನ್ನು ಲೇಪವಿಲ್ಲದ ರಟ್ಟಿನ ಮೇಲೆ ಹಾಕಿ ಒತ್ತಿದರೆ ಅಂಟು ಕಾಗದಕ್ಕಿಂತ ಗಟ್ಟಿಯಾಗುತ್ತದೆ. ಬಿಚ್ಚುವಾಗ ಹರಿಯುವುದು ರಟ್ಟಿನ ನಾರು. ಪಕ್ಕದಲ್ಲಿ ರಂಧ್ರಗಳ ಸಾಲು ಹಾಕಿ ಹರಿಯುವ ಪಟ್ಟಿ ಕೊಟ್ಟರೆ ಮಗುವಿಗೂ ಕಷ್ಟವಿಲ್ಲ. ಪ್ಲಾಸ್ಟಿಕ್ ಇಲ್ಲ, ಹಾಲೊಗ್ರಾಂ ಇಲ್ಲ. ಹರಿದ ನಾರನ್ನು ಕಾರ್ಖಾನೆಯಂತೆ ಮತ್ತೆ ಕೂಡಿಸುವುದು ಟೇಪು ಅಂಟಿಸಿದಷ್ಟು ಸುಲಭವಲ್ಲ. ಕಳ್ಳನಿಗೂ ಸಮಯದ ಬೆಲೆ ಇದೆ.

ಇಷ್ಟಾದರೂ ಯಾರಾದರೂ ನೋಡಬೇಕು. ಇದರಲ್ಲಿ ಪಾಠ ಹೇಳಬಲ್ಲ ಉದ್ಯಮ ಔಷಧಿಯದು, ಅದೂ ಸಾವು ಕಂಡ ಮೇಲೆ ಕಲಿತದ್ದು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೊ ಸುತ್ತಮುತ್ತ ಟೈಲೆನಾಲ್ ಗುಳಿಗೆ ನುಂಗಿದ ಏಳು ಜನ ಸತ್ತರು. ಯಾರೋ ಬಾಟಲಿಗಳನ್ನು ತೆರೆದು ಕ್ಯಾಪ್ಸೂಲಿಗೆ ಸಯನೈಡ್ ತುಂಬಿ ಅಂಗಡಿಯ ಕಪಾಟಿಗೆ ಸೇರಿಸಿದ್ದರು. ಜಾನ್ಸನ್ ಆ್ಯಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸು ಪಡೆಯಿತು. ಆ ವರ್ಷವೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸೀಲು ಕಡ್ಡಾಯ ಮಾಡಿತು, ಮರುವರ್ಷ ಪೊಟ್ಟಣ ಕೆಡಿಸುವುದನ್ನೇ ಗಂಭೀರ ಅಪರಾಧ ಮಾಡುವ ಕಾಯ್ದೆ ಬಂತು. ಆ ನಿಯಮದಲ್ಲಿ ನನಗೆ ಹಿಡಿಸುವುದು ಒಂದು ಸಣ್ಣ ಷರತ್ತು. ಸೀಲು ಹಾಕಿದರೆ ಸಾಲದು, ಯಾವ ಸೀಲು ಹಾಕಿದ್ದೇವೆ ಎಂದು ಪೊಟ್ಟಣದ ಮೇಲೆ ಬರೆಯಲೂ ಬೇಕು. ಬಾಯಿಯ ಮೇಲೆ ಮುದ್ರಿತ ಹಾಳೆ ಇದೆ, ಹರಿದಿದ್ದರೆ ಬಳಸಬೇಡಿ ಎಂಬ ಬರಹ ಬಂದದ್ದು ಹಾಗೆ. ಸೀಲು ಇಲ್ಲದಿದ್ದರೆ ಇರಬೇಕಿತ್ತು ಎಂಬುದು ಕೊಳ್ಳುವವನಿಗೆ ಗೊತ್ತಾಗುವುದು ಈ ಬರಹದಿಂದ. ಎಷ್ಟು ಆಟಿಕೆ ಪೆಟ್ಟಿಗೆಗಳ ಮೇಲೆ ‘ಮೇಲೆರಡು, ಕೆಳಗೆರಡು ಸೀಲುಗಳಿವೆ’ ಎಂದು ಬರೆದಿರುವುದನ್ನು ನೀವು ನೋಡಿದ್ದೀರಿ?

ನಮ್ಮಲ್ಲೂ ಗದ್ದಲ ಆದಾಗಲೇ ಸೀಲು ನೆನಪಾಗುವುದು. 2018ರ ಡಿಸೆಂಬರಿನಲ್ಲಿ ಮದುರೈಯಲ್ಲಿ ಜೊಮ್ಯಾಟೊ ಅಂಗಿ ತೊಟ್ಟವನೊಬ್ಬ ಗ್ರಾಹಕರ ಊಟದ ಪೊಟ್ಟಣದಿಂದ ತಿನ್ನುವ ವಿಡಿಯೊ ಹರಿದಾಡಿತು. ಕಂಪನಿ ತಕ್ಷಣ, ಬಿಚ್ಚಿದರೆ ತಿಳಿಯುವ ಟೇಪು ತರುತ್ತೇವೆ ಎಂದಿತು. ಕರ್ನಾಟಕದಲ್ಲಿ ಮದ್ಯದ ಬಾಟಲಿಯ ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಭದ್ರತಾ ಲೇಬಲ್ ಇರುತ್ತದೆ, ಅದಕ್ಕೆ ಗದ್ದಲ ಬೇಕಾಗಲಿಲ್ಲ. ಅಲ್ಲಿ ಸೋರಿ ಹೋಗುವುದು ಸರ್ಕಾರದ ದುಡ್ಡು.

ನೋಡುವ ಕ್ರಮ ಎಂದರೇನು ಎಂಬುದಕ್ಕೆ ನಮ್ಮ ಮತಗಟ್ಟೆಯೇ ಸಾಕು. ಮತಯಂತ್ರದ ಫಲಿತಾಂಶದ ಭಾಗಕ್ಕೆ ಹಾಕುವುದು ಒಂದು ಹಸಿರು ಕಾಗದದ ಪಟ್ಟಿ. ಕಾಗದವಷ್ಟೇ, ಉಕ್ಕಲ್ಲ. ಆದರೆ ಪ್ರತಿ ಪಟ್ಟಿಗೂ ಬೇರೆ ಕ್ರಮಸಂಖ್ಯೆ ಇದೆ. ಆ ಸಂಖ್ಯೆಯನ್ನು ಪಕ್ಷಗಳ ಏಜೆಂಟರು ಬರೆದುಕೊಳ್ಳುತ್ತಾರೆ, ಪಟ್ಟಿಯ ಮೇಲೆ ಮತಗಟ್ಟೆ ಅಧಿಕಾರಿಯೂ ಏಜೆಂಟರೂ ಸಹಿ ಹಾಕುತ್ತಾರೆ. ಎಣಿಕೆಯ ದಿನ ಅದೇ ಸಂಖ್ಯೆ ಇದೆಯೇ ಎಂದು ತಾಳೆ ನೋಡುತ್ತಾರೆ. ಒಬ್ಬರನ್ನೊಬ್ಬರು ಚೂರೂ ನಂಬದ ಜನ ಕಣ್ಣಿಟ್ಟು ಕಾಯುವುದರಿಂದ ಆ ಕಾಗದಕ್ಕೆ ಬಲ.

ಕೌಟಿಲ್ಯನಿಗೆ ಇದು ಗೊತ್ತಿತ್ತು. ಅರ್ಥಶಾಸ್ತ್ರದಲ್ಲಿ ಸುಂಕದ ಅಧಿಕಾರಿಯ ಕೆಲಸ ವಿವರಿಸುವಾಗ ಅವನು ಮೂರು ಬಗೆಯ ವರ್ತಕರನ್ನು ಬೇರೆ ಮಾಡುತ್ತಾನೆ. ಸರಕಿಗೆ ಮುದ್ರೆಯೇ ಇಲ್ಲದಿದ್ದರೆ ಸುಂಕದ ಎರಡು ಪಟ್ಟು ದಂಡ. ಮುದ್ರೆ ಖೊಟ್ಟಿಯಾದರೆ ಎಂಟು ಪಟ್ಟು. ಮುದ್ರೆ ಒಡೆದಿದ್ದರೆ ಅವನನ್ನು ಸುಂಕದ ಕಟ್ಟೆಯಲ್ಲೇ ನಿಲ್ಲಿಸಿಕೊಳ್ಳಬೇಕು. ಒಡೆದದ್ದು ದಾರಿಯ ಅವಘಡ ಇರಬಹುದು, ಖೊಟ್ಟಿ ಮಾತ್ರ ಬೇಕೆಂದೇ ಮಾಡಿದ್ದು ಎಂಬ ವಿವೇಚನೆ ಇಲ್ಲಿ ಕಾಣುತ್ತದೆ. ಈ ಕಾಲದ ಮಳಿಗೆಯ ಕೌಂಟರ್ ಮೂವರಿಗೂ ಒಂದೇ ರೀತಿ ದುಡ್ಡು ಎಣಿಸಿ ಕೊಡುತ್ತದೆ.

ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆಟಿಕೆಯ ಮಾನಕವಾದ ಐಎಸ್ 9873ರಲ್ಲಿ ಪ್ಯಾಕಿಂಗಿನ ಬಗ್ಗೆಯೂ ಮಾತಿದೆ. ಪ್ಲಾಸ್ಟಿಕ್ ಹಾಳೆ ಮಗುವಿನ ಮೂಗು ಬಾಯಿಗೆ ಅಂಟಿ ಉಸಿರು ಕಟ್ಟಬಾರದು, ಹಾಗಾಗಿ ದೊಡ್ಡ ಹಾಳೆಯಾದರೆ ಸರಾಸರಿ ದಪ್ಪ 0.038 ಮಿಲಿಮೀಟರಿಗೆ ಕಡಿಮೆ ಇರಬಾರದು, ಇಲ್ಲವೇ ತೂತುಗಳಿರಬೇಕು. ಒಳ್ಳೆಯದೇ. ಆದರೆ ಒಮ್ಮೆ ಬಿಚ್ಚಿ ಮತ್ತೆ ಮುಚ್ಚಿದ ಪೆಟ್ಟಿಗೆಯೊಳಗೆ ಪರೀಕ್ಷೆ ಪಾಸಾದ ಆಟಿಕೆಯೇ ಇದೆ ಎಂದು ಆ ಗುರುತು ಹೇಗೆ ಹೇಳೀತು? ಐಎಸ್‌ಐ ಮುದ್ರೆ ರಟ್ಟಿನ ಮೇಲೆ ನಿಂತಿರುತ್ತದೆ, ಒಳಗೆ ಬ್ಯಾಟರಿ ಮುಚ್ಚಳ ಸಡಿಲವಾದ ಯಾವುದೋ ಕಾರು ಇರಬಹುದು. ಗುಂಡಿ ಬ್ಯಾಟರಿ ನುಂಗಿದ ಮಗುವಿಗೆ ಏನಾಗುತ್ತದೆಂದು ವೈದ್ಯರನ್ನು ಕೇಳಿ. ಇದು ಸಂಗ್ರಾಹಕರ ಹವ್ಯಾಸದ ಗೋಳು ಮಾತ್ರ ಅಲ್ಲ.

ಹವ್ಯಾಸದ ಗೋಳೂ ಇಲ್ಲಿ ಇಲ್ಲವೆಂದಲ್ಲ. ಹಾಟ್ ವೀಲ್ಸ್ ಪುಟ್ಟ ಕಾರುಗಳ ಹಿಂದೆ ಬಿದ್ದ ದೊಡ್ಡವರು ಬೆಂಗಳೂರಿನಲ್ಲೂ ಇದ್ದಾರೆ. ಮ್ಯಾಟೆಲ್ ಕಂಪನಿ 1995ರಿಂದ ಸಾಮಾನ್ಯ ಕಾರುಗಳ ನಡುವೆ ‘ಟ್ರೆಷರ್ ಹಂಟ್’ ಎಂಬ ಅಪರೂಪದವನ್ನು ಬೆರೆಸುತ್ತ ಬಂದಿದೆ. ಅವುಗಳಲ್ಲಿ ‘ಸೂಪರ್’ ಎನಿಸಿಕೊಂಡವಕ್ಕೆ ವಿಶೇಷ ಹೊಳಪಿನ ಬಣ್ಣ, ರಬ್ಬರ್ ಚಕ್ರ. ಅಂಗಡಿಯಲ್ಲಿ ಬೆಲೆ ಒಂದೇ, ಮರುಮಾರಾಟದಲ್ಲಿ ಎಷ್ಟೋ ಪಟ್ಟು. ರಟ್ಟಿಗೆ ಅಂಟಿಸಿದ ಪ್ಲಾಸ್ಟಿಕ್ ಗುಳ್ಳೆಯಲ್ಲಿ ಕಾರು ಕೂತಿರುವುದರಿಂದ ಒಳಗಿರುವುದು ಕಣ್ಣಿಗೆ ಕಾಣುತ್ತದೆ, ಅಷ್ಟರ ಮಟ್ಟಿಗೆ ಕ್ಷೇಮ. ಆದರೂ ಗುಳ್ಳೆ ಬಿಡಿಸಿ ಚಕ್ರ ಬದಲಿಸಿ, ಸಾಮಾನ್ಯ ಕಾರನ್ನು ‘ಸೂಪರ್’ ಮಾಡುವ ಕೈಚಳಕ ಇದೆ. ಲೆಗೊದ ಪುಟ್ಟ ಗೊಂಬೆಗಳದ್ದು ಇನ್ನೊಂದು ಕಥೆ. 2023ರಲ್ಲಿ ಹೊಳೆಯುವ ಚೀಲ ಬಿಟ್ಟು ರಟ್ಟಿನ ಡಬ್ಬಿಗೆ ಬದಲಾದ ಮೇಲೆ, ಚೀಲ ಹಿಸುಕಿ ಒಳಗಿನ ಗೊಂಬೆ ಊಹಿಸುತ್ತಿದ್ದವರು ತಕ್ಕಡಿ ಹಿಡಿದು ಅಂಗಡಿಗೆ ಹೊರಟರು.

ಈ ಪೆಟ್ಟಿಗೆಗಳು ಎಲ್ಲೋ ದೂರದ ದೇಶದವು ಎಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಕಿನ್ನಾಳದ ಗೊಂಬೆಗಳ ಕೊಪ್ಪಳ ಜಿಲ್ಲೆಯಲ್ಲೇ, ಭಾನಾಪುರದ ಬಳಿ ಸುಮಾರು 400 ಎಕರೆಯಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್ ತಲೆ ಎತ್ತಿದೆ. ಆ ಕಂಪನಿ ಆಟಿಕೆ ಮಾಡಿಕೊಡುವ ಗಿರಾಕಿಗಳಲ್ಲಿ ಹ್ಯಾಸ್ಬ್ರೊ ಕೂಡ ಇದೆ. ನಾಳೆ ಯಾರೋ ಬಿಚ್ಚುವ ಪೆಟ್ಟಿಗೆಗೆ ಅಂಟು ಹಾಕುವ ಕೈ ನಮ್ಮವರದ್ದೇ ಆಗಿರಬಹುದು.

ಮಾಡಬಹುದಾದದ್ದು ದುಬಾರಿಯದಲ್ಲ. ಬಾರ್‌ಕೋಡಿನ ಪಕ್ಕದಲ್ಲಿ ಪ್ರತಿ ಪೆಟ್ಟಿಗೆಗೂ ಬೇರೆಯದೇ ಒಂದು ಸಂಖ್ಯೆ ಮುದ್ರಿಸಿ, ಮಾರಾಟವಾದಾಗ ಅದನ್ನು ದಾಖಲಿಸಿದರೆ, ಅದು ಒಮ್ಮೆ ಮನೆ ಕಂಡ ಪೆಟ್ಟಿಗೆ ಎಂದು ಯಂತ್ರಕ್ಕೂ ತಿಳಿಯುತ್ತದೆ. ಮೊಬೈಲ್ ಫೋನಿಗೆ ಇದು ಮಾಮೂಲಿ. ಇನ್ನೂರು ರೂಪಾಯಿಯ ಆಟಿಕೆಗೆ ಅಷ್ಟು ಖರ್ಚು ಬೇಡವೆನ್ನುವುದಾದರೆ, ವಾಪಸು ಬಂದ ಪೆಟ್ಟಿಗೆಯನ್ನು ತಂದವರ ಎದುರೇ ತೆರೆದು ನೋಡಲಿ. ಅರ್ಧ ನಿಮಿಷದ ಕೆಲಸ. ತೆರೆದದ್ದನ್ನು ‘ಬಿಚ್ಚಿದ ಪೆಟ್ಟಿಗೆ’ ಎಂದು ಬರೆದು ರಿಯಾಯಿತಿಗೆ ಮಾರಲಿ, ಹೊಸದರ ಸಾಲಿಗೆ ಸೇರಿಸುವುದು ಬೇಡ. ಮಳಿಗೆಗಳು ಇದನ್ನು ಮಾಡದಿರುವುದು ಗೊತ್ತಿಲ್ಲದೆ ಅಲ್ಲ. ಕೌಂಟರಿನಲ್ಲಿ ಸಾಲು ಬೆಳೆಯುತ್ತದೆ, ಗಿರಾಕಿ ಮುನಿಸಿಕೊಳ್ಳುತ್ತಾನೆ ಎಂಬ ಅಂಜಿಕೆ. ಆ ಅಂಜಿಕೆಯ ಬೆಲೆಯನ್ನು ಮುಂದಿನ ಗಿರಾಕಿ ತೆರುತ್ತಿದ್ದಾನೆ.

ಕೊಳ್ಳುವವರಿಗೆ ಒಂದೆರಡು ಮಾತು. ಟೇಪಿನ ಅಂಚಿನಲ್ಲಿ ಧೂಳಿನ ಗೆರೆ ಇದೆಯೇ, ಒಂದರ ಮೇಲೊಂದು ಟೇಪು ಕೂತಿದೆಯೇ, ಮಡಚುವ ತುದಿಯಲ್ಲಿ ರಟ್ಟು ಬೆಳ್ಳಗೆ ಸುಕ್ಕುಗಟ್ಟಿದೆಯೇ ಎಂದು ನೋಡಿ. ಅದೇ ಆಟಿಕೆಯ ಇನ್ನೊಂದು ಪೆಟ್ಟಿಗೆ ಪಕ್ಕದಲ್ಲಿದ್ದರೆ ಎರಡನ್ನೂ ಹೋಲಿಸಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಹೊರಗಿನ ವಿಳಾಸದ ಚೀಟಿಯಿಂದ ಒಳಗಿನ ಆಟಿಕೆಯವರೆಗೆ ಒಂದೇ ಓಟದಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಬೇರೆಯದೇ ಬಂದಿದ್ದರೆ ಮೊದಲು ಮಾರಿದವರಿಗೆ ಬರಹದಲ್ಲಿ ತಿಳಿಸಿ. ಅವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕರೆಗೆ ಶುಲ್ಕವಿಲ್ಲ.